ಗಾಳಿಗೆ ಕಟ್ಟಿದ ಹಗ್ಗ

ಪುಂತಾ ಅರೇನಾಸಿನಲ್ಲಿ ಗಾಳಿ ಜೋರಾದ ದಿನ
ಬೀದಿಯ ಮೂಲೆಗೆ ಹಗ್ಗ ಕಟ್ಟುತ್ತಾರೆ.
ಹಿಡಿದುಕೊಂಡು ದಾಟಬೇಕು: ಮುದುಕಿಯರು, ಶಾಲೆ ಮಕ್ಕಳು,
ಟೋಪಿಯನ್ನು ಹಲ್ಲಲ್ಲಿ ಕಚ್ಚಿದ ಬ್ಯಾಂಕಿನ ಮ್ಯಾನೇಜರೂ.
ಇವತ್ತು ನಾನೂ ಹಿಡಿದೆ, ಬಲಗೈಯಲ್ಲಿ.
ಎಡಗೈಗೆ ಕೆಲಸವಿರಲಿಲ್ಲ.
ಹದಿನೇಳನೇ ವಯಸ್ಸಿನಿಂದ ಅದಕ್ಕೆ
ಎರಡು ಬೆರಳ ನಡುವಿನದೊಂದೇ ಉದ್ಯೋಗ.

ಕುಡಿತ ಬಿಟ್ಟು ತೊಂಬತ್ತಮೂರು ದಿನ.
ಸಿಗರೇಟು ಬಿಟ್ಟು, ತಡೆಯಿರಿ, ಲೆಕ್ಕ ಹಾಕುತ್ತೇನೆ,
ಮೂವತ್ತೊಂದು ಗಂಟೆ, ಚಿಲ್ಲರೆ.

ಎರಡನ್ನೂ ಒಟ್ಟಿಗೆ ಬಿಡಬೇಡ ಅಂದಿದ್ದಳು ದಾನಿತ್ಸಾ.
ಇಪ್ಪತ್ತೆರಡು ವರ್ಷದಿಂದ ಹನಿ ಮುಟ್ಟದವಳು,
ಚರ್ಚಿನ ಹಿಂದಿನ ಕೋಣೆಯಲ್ಲಿ ಮಂಗಳವಾರ ಮಂಗಳವಾರ
ನಮ್ಮೆಲ್ಲರಿಗೂ ಕಾಫಿ ಬಸಿಯುವವಳು.
"ಒಂದು ಹಲ್ಲು ಕೀಳಿಸಿದ ದಿನವೇ
ಇನ್ನೊಂದು ಕೀಳಿಸುತ್ತಾರೇನೋ, ನಿವಾಲ್ದೋ?
ಮೊದಲು ಗಾಯ ಮಾಯಲಿ."
ಹೇಳಿ, ಹೊರಗೆ ಹೋಗಿ, ತಾನೊಂದು ಹಚ್ಚಿದಳು.

ನಿಜ ಹೇಳಬೇಕೆಂದರೆ ಕೋಣೆಯೊಳಗೆ ನಾವು ಆಡಿದ್ದು ಕಮ್ಮಿ.
ಅಸಲು ಮಾತೆಲ್ಲ ಹಿಂಬಾಗಿಲ ಹೊರಗೆ,
ಮರಳು ತುಂಬಿದ ಬಕೆಟ್ಟಿನ ಸುತ್ತ,
ಒಬ್ಬರ ಬೆಂಕಿ ಇನ್ನೊಬ್ಬರಿಗೆ ದಾಟುವಾಗ.
ಓಸಿಯೆಲ್ ತನ್ನ ಮಗನ ಸಾವು ಹೇಳಿದ್ದು ಅಲ್ಲಿ.
ನಾನು ಲಾರಿಯ ವಿಷಯ ಹೇಳಿದ್ದು ಅಲ್ಲಿ.
ನಿನ್ನೆ ರಾತ್ರಿ ನಾನು ಒಳಗೇ ಕೂತು
ಹತ್ತು ಖಾಲಿ ಕುರ್ಚಿ ಎಣಿಸಿದೆ.

ಹೆಂಡ ಬಿಟ್ಟಾಗ ಮನೆಗೆ ಬೆಂಕಿ ಬಿದ್ದಂತಿತ್ತು,
ಕೊಡ ಹೊತ್ತು ಊರೇ ಓಡಿ ಬಂತು.
ಇದು ಬೂಟಿನೊಳಗಿನ ಹರಳು.
ಇದಕ್ಕೆ ಯಾರು ಓಡಿ ಬರುತ್ತಾರೆ?

ಮಗಳು ಕಾರಣ ಎಂದರೆ ಕಥೆ ಸಲೀಸು.
ಅವಳು ಅತ್ತಿಲ್ಲ, ಬೇಡಿಲ್ಲ. ಎಂಟು ವರ್ಷದವಳು.
ಮೊನ್ನೆ ನನ್ನ ಕೋಟು ಮೂಸಿ
"ಇದು ಇನ್ನೂ ಅವನೇ" ಅಂದಳು,
ಹೊರಗಿನ ಮೊಳೆಗೆ ತೂಗುಹಾಕಿ ಬಂದು ಕೈ ತೊಳೆದಳು.
ಅವನು ಯಾರು ಅಂತ ನಾನು ಕೇಳಲಿಲ್ಲ.
ಇಡೀ ರಾತ್ರಿ ಕೋಟು ಗೋಡೆಗೆ ಬಡಿಯುತ್ತಿತ್ತು,
ಬಾಗಿಲು ತೆಗಿ ಎನ್ನುವ ಕುಡುಕನ ಹಾಗೆ.

ಇಪ್ಪತ್ತಾರು ವರ್ಷ
ಎದೆಯ ಬಾವಿಗೆ ಹಗ್ಗ ಇಳಿಬಿಟ್ಟು ಸೇದಿದೆ, ಸೇದಿದೆ.
ಮೇಲೆ ಬಂದ ಕೊಡದಲ್ಲಿ
ಬರೀ ಹೊಗೆ.

ಮಧ್ಯಾಹ್ನದ ಫೆರಿ, ಪೊರ್ವೆನೀರಿಗೆ. ಜಲಸಂಧಿ ಹಲ್ಲು ಕಿರಿದಿತ್ತು.
ಲಾರಿಗಳಿಗೆ ಸರಪಳಿ ಬಿಗಿದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ
ಕುರಿಯ ತುಪ್ಪಟ ಕತ್ತರಿಸುವ ಹುಡುಗನೊಬ್ಬ ಬಂದ,
ಕಡ್ಡಿಪೆಟ್ಟಿಗೆ ಹಿಡಿದು. ಆರು ಕಡ್ಡಿ ಆಗಲೇ ಸತ್ತಿದ್ದವು.
"ಅಣ್ಣಾ, ನಿನ್ನ ಕೈಗೆ ಗಾಳಿ ಹೆದರುತ್ತದಂತೆ."
ಹೌದು. ಈ ಹಡಗಿನಲ್ಲಿ ನನಗಿರುವ ಹೆಸರು ಅದೊಂದೇ.

ಪಶ್ಚಿಮಕ್ಕೆ ಬೆನ್ನು ಕೊಟ್ಟೆ. ಅಂಗೈ ಬೊಗಸೆ ಮಾಡಿ
ಗೀರಿದೆ.
ಪುಟ್ಟದೊಂದು ಕುಡಿ ಎದ್ದಿತು.
ಉರಿಯ ತುದಿಗೂ ಅದೇ ಹೆಸರು;
ಗ್ಲಾಸು ಮುಂದೆ ಚಾಚಿದವರೆಲ್ಲ
ನನಗೆ ಹೇಳುತ್ತಿದ್ದುದೂ ಅದೇ ಮಾತು: ಕುಡಿ.
ಹುಡುಗ ಬಗ್ಗಿದ. ಅವನ ಮೂಗು ಕೆಂಪಗೆ ಬೆಳಗಿತು.
ಥ್ಯಾಂಕ್ಸ್ ಹೇಳದೆ ಹೋದ, ಹೊಗೆ ಬಿಡುತ್ತ.

ಸುಳ್ಳೇಕೆ, ಅದರ ಹಿಂದೆ ನಾಲ್ಕು ಹೆಜ್ಜೆ ಹೋದೆ,
ಮೂಗು ಮುಂದೆ ಮಾಡಿ, ಕಸಾಯಿಖಾನೆ ಹಿಂದಿನ ನಾಯಿಯಂತೆ.
ಐದನೆಯದಕ್ಕೆ ಹಡಗು ವಾಲಿತು,
ಕಟಕಟೆಯ ಹಗ್ಗ ಕೈಗೆ ಸಿಕ್ಕಿತು.
ಎಡಗೈಗೆ.
ಒದ್ದೆ, ಒರಟು, ಉಪ್ಪು.

ಬಲಗೈಯಲ್ಲಿ ಅವನ ಕಡ್ಡಿಪೆಟ್ಟಿಗೆ ಹಾಗೇ ಉಳಿದಿದೆ.
ಒಳಗೆ ಮೂರೋ ನಾಲ್ಕೋ ಅಲ್ಲಾಡುತ್ತಿವೆ.
ಎಷ್ಟು ಗಂಟೆಯಾಯಿತೋ.
ನೋಡಬೇಕೆಂದರೆ
ಹಗ್ಗ ಬಿಡಬೇಕು.